ಷರಾ

ಮಾಯಿ ತಿಂಗಳ ಹದಿನಾಲ್ಕು. ಇಳಿತದ ಹೊತ್ತು.
ಶಿರಿಯ ಹೊಳೆಯ ರೈಲು ಸೇತುವೆಯ ಮೇಲೆ
ಹೆಗಲಿಗೆ ಸ್ಪ್ಯಾನರು, ಕೈಯಲ್ಲಿ ಸುತ್ತಿಗೆ,
ಒಂದೊಂದೇ ಕೀಲಿಗೆ ಕಿವಿಗೊಟ್ಟು ನಡೆಯುವ ಕೀಮ್ಯಾನ್ ನಾನು.
ಸಡಿಲಾದ ಕೀಲಿ ಸುಳ್ಳು ಹೇಳುವ ಮಗುವಿನ ಹಾಗೆ,
ಟಣ್ ಅನ್ನಬೇಕಾದಲ್ಲಿ ಟಕ್ ಅನ್ನುತ್ತದೆ.

ಕೆಳಗೆ ಅಳಿವೆಯ ದಿಬ್ಬ ಬೆನ್ನು ತೋರಿಸಿ ಮಲಗಿತ್ತು.
ಅದರ ಮೇಲೆ ಎಂದಿನ ಪುಟ್ಟ ಗೊರವಗಳು,
ಹೊರಡುವ ಮುಂಚೆ ಹೊಟ್ಟೆ ತುಂಬಿಸಿಕೊಳ್ಳುವ ತರಾತುರಿಯಲ್ಲಿ
ಹೊಲಿಗೆ ಮಿಶಿನಿನ ಸೂಜಿಯಂತೆ
ಕೆಸರನ್ನು ಕುತ್ತಿ ಕುತ್ತಿ.
ತಿಂಗಳ ಹಿಂದೆ ಮಾಸಲು ಬೂದಿಯಾಗಿದ್ದವು.
ಈಗ ಕೆಲವಕ್ಕೆ ಎದೆಯ ಮೇಲೆ ಇಟ್ಟಿಗೆಯ ಬಣ್ಣ ಏರುತ್ತಿದೆ,
ಮದುವೆಗೆ ಹೊರಟವರ ಬಣ್ಣ.
ಮದುವೆ ಇಲ್ಲಲ್ಲ, ಎಲ್ಲೋ ಹಿಮ ಕರಗುವ ಕಡೆ.

ಅವುಗಳ ನಡುವೆ,
ಅಲ್ಲ, ಅವುಗಳಿಂದ ನಾಲ್ಕು ಮಾರು ಆಚೆ,
ಒಂಟಿ ನಿಂತಿತ್ತು ಅದು.
ಮೈಯೆಲ್ಲ ಬಿಳಿ. ಬೆನ್ನಿಗೆ ಮಾತ್ರ ಕಪ್ಪು,
ಸೆಕೆಗೆ ಕೋಟು ಬಿಚ್ಚಿ ಹೆಗಲಿಗೆ ಹಾಕಿಕೊಂಡ ವಕೀಲರ ಹಾಗೆ.
ಕೊಕ್ಕು, ಮೀನು ಕೊಯ್ಯುವ ಚೂರಿಗಿಂತ ದಪ್ಪ.
ಉದ್ದುದ್ದ ಕಾಲು, ಬೂದಿಗೆ ನೀಲ ಹಾಕಿ ಒಗೆದ ಬಣ್ಣ.
ಇಪ್ಪತ್ತೆರಡು ವರ್ಷ ಈ ಹೊಳೆ ದಾಟಿದ್ದೇನೆ,
ಈ ಮುಖ ನೋಡಿದ್ದಿಲ್ಲ.

ಮರುವಾಯಿ ಹೆಕ್ಕುತ್ತಿದ್ದ ಬೀಪಾತುಮ್ಮನನ್ನು ಮೇಲಿನಿಂದಲೇ ಕೂಗಿ ಕೇಳಿದೆ.
ಮೊಣಕಾಲು ನೀರಲ್ಲಿ ನಿಂತು, ಕಣ್ಣಿಗೆ ಕೈ ಮರೆಮಾಡಿ ನೋಡಿ
'ನಮ್ಮ ಕಡೆಯದಲ್ಲ' ಎಂದಳು.
ಅಷ್ಟರಲ್ಲಿ ಅದು ಓಡಿತು, ನಿಂತಿತು, ಓಡಿತು,
ಮರಳಿಂದ ಒಂದನ್ನು ಎತ್ತಿತು.
ನನಗದು ಡೆಂಜಿ, ಅವಳಿಗೆ ಞಂಡು, ಶಾಲೆಯ ಪಾಠಕ್ಕೆ ಏಡಿ.
ಕಾಲೊಂದೊಂದೇ ಒದರಿ ಕಳಚಿ
ಮೂರು ಹೆಸರನ್ನೂ ಒಟ್ಟಿಗೆ ನುಂಗಿತು.

ಗಸ್ತು ಪುಸ್ತಕದಲ್ಲಿ ಕೊನೆಗೊಂದು ಕಾಲಮ್ಮಿದೆ, ಷರಾ.
ಇಷ್ಟು ವರ್ಷ ನಾನಲ್ಲಿ ಬರೆದದ್ದು: ಏನೂ ಇಲ್ಲ.
ಆ ದಿನ ಕೈ ಕೇಳಲಿಲ್ಲ. ಕನ್ನಡದಲ್ಲೇ ಬರೆದೆ:
ಸೇತುವೆಯ ಪಡುಗಡೆ ಮರಳಲ್ಲಿ ಒಂಟಿ ಅಪರಿಚಿತ.
ಎಲ್ಲಿಂದ ಬಂದದ್ದೋ ತಿಳಿಯದು.
ರೈಲಿಗೆ ತೊಂದರೆ ಇಲ್ಲ.
ಐತಪ್ಪ, ಕೀಮ್ಯಾನ್.

ಪಯ್ಯನ್ನೂರಿನ ಇನ್‌ಸ್ಪೆಕ್ಟರು ಸುಗುಣನ್‌ಗೆ ಕನ್ನಡ ಬಾರದು.
ಓದಿ ಹೇಳಿದವನಿಗೆ ಹಕ್ಕಿ ಹೊಳೆಯಲಿಲ್ಲ.
ಮರುದಿನ ಬೆಳಗಿನ ಲೋಕಲ್ಲಿಂದ ಇಬ್ಬರು ಪೊಲೀಸರು ಇಳಿದರು.
ಆಳು ಎಲ್ಲಿ? ಬಟ್ಟೆ ಯಾವ ಬಣ್ಣ? ಚೀಲ ಇತ್ತೇ?
ಯಾವ ಭಾಷೆ ಮಾತಾಡಿದ?
ಬಟ್ಟೆ ಬಿಳಿ, ಎಂದೆ. ಚೀಲ ಇಲ್ಲ.
ಮಾತಾಡಲಿಲ್ಲ.

ದಿಬ್ಬದಲ್ಲಿ ಯಾರೂ ಇರಲಿಲ್ಲ.
ಗೊರವಗಳೂ ಅರ್ಧಕ್ಕರ್ಧ ಖಾಲಿ,
ರಾತ್ರಿ ಯಾವಾಗಲೋ ಗಾಳಿ ಹಿಡಿದು ಎದ್ದಿರಬೇಕು.
ಒದ್ದೆ ಮರಳಲ್ಲಿ ಮೂರು ಬೆರಳಿನ ಹೆಜ್ಜೆ
ನೀರಿನ ಅಂಚಿನವರೆಗೆ ನೇರ ಹೋಗಿ
ಕೊನೆಯ ಎರಡು ಮಾತ್ರ ಆಳವಾಗಿ ಒತ್ತಿ,
ಆಮೇಲೆ ಇಲ್ಲ.
ಕಿರಿಯ ಪೊಲೀಸ ಪ್ರಭೋಷ ಬೂಟು ಕಳಚಿ ಕುಕ್ಕರುಗಾಲಲ್ಲಿ ಕೂತ.
'ಇಲ್ಲಿಂದ ಹಾರಿದ್ದು' ಎಂದ,
ಕಳ್ಳ ಹಾರಿದ ಗೋಡೆ ತೋರಿಸುವವನ ಗಾಂಭೀರ್ಯದಲ್ಲಿ.
'ದುಬೈ ಕಡೆಗೇ ಇರಬೇಕು,
ಇಲ್ಲಿಂದ ಹಾರುವವರೆಲ್ಲ ಅಲ್ಲಿಗೇ ತಾನೇ'
ಬೀಪಾತುಮ್ಮ ಬುಟ್ಟಿಯ ಕೆಸರು ತೊಳೆಯುತ್ತಾ.
'ವೀಸಾ?' ಎಂದ ಹಿರಿಯವನು.
ನಾವು ನಾಲ್ವರೂ ನಕ್ಕೆವು. ಮೇಲೆ ಗೂಡ್ಸು ಗಾಡಿ ಹಾದುಹೋಯಿತು,
ಮುಗಿಯುವವರೆಗೂ ನಗು ಕೇಳಿಸಲಿಲ್ಲ.

ನನ್ನ ಸಾಲಿನ ಮೇಲೆ ಕೆಂಪು ಗೆರೆ ಎಳೆದಿದ್ದಾರೆ.
ಅದರ ಕೆಳಗೆ ಮತ್ತೆ ದಿನವೂ: ಏನೂ ಇಲ್ಲ, ಏನೂ ಇಲ್ಲ.
ಬರೆಯುವ ಮುಂಚೆ ಮಾತ್ರ ಏಳನೇ ಕಂಬದ ಹತ್ತಿರ
ಸುತ್ತಿಗೆ ಕೆಳಗಿಡುತ್ತೇನೆ.
ನಿನ್ನೆ ಕೆಳಗಿನಿಂದ ಕೂಗಿದಳು, 'ಬಂತಾ?'
ಇಲ್ಲ ಅನ್ನಲು
ಇನ್ನೊಮ್ಮೆ ನೋಡಬೇಕಾಯಿತು.